ಕೆರೆ ಏರಿಯಿಂದ ಬಡಾವಣೆಯ ಸಭೆಗೆ

ನಗರದ ಯಾವುದೇ ಬಡಾವಣೆಯ ನಿವಾಸಿಗಳ ಸಂಘದ ಸಭೆಗೆ ಹೋಗಿ ಕುಳಿತರೂ ಕೇಳಿಬರುವ ಮಾತುಗಳು ಹೆಚ್ಚುಕಡಿಮೆ ಒಂದೇ. ಕಸದ ಗಾಡಿ ಎರಡು ದಿನದಿಂದ ಬಂದಿಲ್ಲ, ಬೀದಿದೀಪ ಉರಿಯುತ್ತಿಲ್ಲ, ಮೋರಿ ಕಟ್ಟಿಕೊಂಡಿದೆ, ಟ್ಯಾಂಕರಿನವರು ದರ ಏರಿಸಿದ್ದಾರೆ, ಸಂಘದ ವಂತಿಗೆಯನ್ನು ಅರ್ಧ ಜನ ಇನ್ನೂ ಕೊಟ್ಟಿಲ್ಲ. ಕೊನೆಗೆ ಒಂದು ಮನವಿಪತ್ರ ಸಿದ್ಧವಾಗುತ್ತದೆ. ನಾಲ್ಕು ಜನ ಅದನ್ನು ಕಚೇರಿಗೆ ಕೊಟ್ಟು ಬರುತ್ತಾರೆ. ಮುಂದಿನ ತಿಂಗಳು ಮತ್ತೆ ಅದೇ ಮೋರಿ, ಅದೇ ದೀಪ.

ಇಂಥ ಸಂಘಗಳು ನಗರಜೀವನದ ಹೊಸ ಕೂಸು ಎಂದು ನಾವು ಭಾವಿಸಿದ್ದೇವೆ. ನಿಜಕ್ಕೂ ನೆರೆಹೊರೆಯವರು ಒಟ್ಟಿಗೆ ಕುಳಿತು ತಮ್ಮ ನೀರು, ದಾರಿ, ಕಾವಲುಗಳ ಬಗ್ಗೆ ತೀರ್ಮಾನಿಸುವ ಪದ್ಧತಿ ಈ ನಾಡಿಗೆ ಬಹಳ ಹಳೆಯದು. ಬದಲಾಗಿರುವುದು ಸಭೆಯ ಸ್ವಭಾವ. ಅದನ್ನು ತಿಳಿಯಲು ನಗರವನ್ನು ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಗೆ ಹೋಗಬೇಕು.

ಮೊದಲು ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಅಜ್ಜಂಪುರ ತಾಲ್ಲೂಕಿಗೆ ಸೇರಿರುವ ಬುಕ್ಕಾಂಬುಧಿ ಹೆಸರಿನಲ್ಲೇ ನೀರಿರುವ ಊರು. ಅಂಬುಧಿ ಎಂದರೆ ಕಡಲು. ಬುಕ್ಕನ ಹೆಸರಿನ ಕಡಲು ಬುಕ್ಕಾಂಬುಧಿ. ಈ ಸೀಮೆಯ ಹೆಸರುಗಳನ್ನೇ ನೋಡಿ: ತರೀಕೆರೆ, ಅಯ್ಯನಕೆರೆ, ಮದಗದಕೆರೆ. ಮಲೆನಾಡಿನ ಸೆರಗಿನಲ್ಲಿ ಮಳೆ ಕಡಿಮೆಯಾಗುತ್ತಾ ಹೋಗುವ ಜಾಗದಲ್ಲಿ ಕೆರೆಯಿಲ್ಲದೆ ಊರಿಲ್ಲ, ಊರಿನ ಒಗ್ಗಟ್ಟಿಲ್ಲದೆ ಕೆರೆಯೂ ಇಲ್ಲ. ಕೆರೆ ಕಟ್ಟಿಸುವುದು ಅರಸನಿಗೋ ಪಾಳೆಯಗಾರನಿಗೋ ಸಾಧ್ಯವಿರಬಹುದು. ಆದರೆ ವರ್ಷವರ್ಷವೂ ಹೂಳೆತ್ತುವುದು, ಏರಿಯ ಮೇಲೆ ಬೆಳೆದ ಗಿಡ ಕಡಿಯುವುದು, ತೂಬು ನೋಡಿಕೊಳ್ಳುವುದು, ಕಡೆಯ ಗದ್ದೆಗೂ ನೀರು ತಲುಪಿಸುವುದು ಊರಿನವರ ಕೆಲಸ. ಇದಕ್ಕೆಂದೇ ನೀರುಗಂಟಿ ಇರುತ್ತಿದ್ದ. ಕೆರೆಯ ಕೆಲಸಕ್ಕೆ ಭೂಮಿಯನ್ನು ಕೊಡಗೆಯಾಗಿ ಬಿಡುವ ಪದ್ಧತಿಯಿತ್ತು. ಹೂಳು ಸಾಗಿಸಲು ಕೆರೆಬಂಡಿಗಳಿದ್ದವು. ನಮ್ಮ ಶಾಸನಗಳಲ್ಲಿ ಇವುಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ.

ಬುಕ್ಕ ಎಂದೊಡನೆ ನೆನಪಾಗುವವನು ವಿಜಯನಗರದ ಮೊದಲನೆಯ ಬುಕ್ಕರಾಯ. ಅವನ ಕಾಲದ ಎರಡು ಶಾಸನಗಳು ನಮ್ಮ ಇಂದಿನ ಸಭೆಗಳಿಗೂ ಪಾಠ ಹೇಳುವಂತಿವೆ.

ಮೊದಲನೆಯದು 1368ರ ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಾದ್ಯ, ಕಲಶಗಳ ಗೌರವದ ವಿಷಯದಲ್ಲಿ ಜಗಳವಾಗಿತ್ತು. ತಮಗೆ ಅನ್ಯಾಯವಾಗಿದೆ ಎಂದು ಜೈನರು ಅರಸನಲ್ಲಿ ದೂರಿಟ್ಟರು. ಬುಕ್ಕರಾಯ ಎರಡೂ ಕಡೆಯವರನ್ನು ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಇಷ್ಟು ಕಥೆ ಹಲವರಿಗೆ ಗೊತ್ತು. ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಪ್ರತಿ ಜೈನರ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದು ವಿವರವಾಗಿ ಹೇಳುತ್ತದೆ. ಈ ಏರ್ಪಾಡಿನ ಹೊಣೆ ಹೊತ್ತವನು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ. ಕಟ್ಟಳೆ ಮೀರಿದವನು ಅರಸನಿಗಷ್ಟೇ ಅಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎನ್ನುತ್ತದೆ ಶಾಸನ.

ಮನೆಗಿಷ್ಟು ಎಂದು ವಂತಿಗೆ, ಕಾವಲು, ರಿಪೇರಿ, ಲೆಕ್ಕಕ್ಕೊಬ್ಬ ಹೊಣೆಗಾರ! ಇಂದಿನ ಬಡಾವಣೆಯ ಸಂಘದ ನಡಾವಳಿ ಪುಸ್ತಕದಲ್ಲಿ ಬೇರೇನಿದೆ? ವ್ಯತ್ಯಾಸವಿರುವುದು ಒಂದೇ ಕಡೆ. ಅಂದು ಸೌಹಾರ್ದವೆಂದರೆ ಬಾಯಿಮಾತಾಗಿರಲಿಲ್ಲ. ನಿನ್ನೆ ಎದುರು ನಿಂತವನೇ ಇಂದು ನೆರೆಯವನ ಗುಡಿಯ ಕಾವಲಿನ ಹೊಣೆ ಹೊರಬೇಕಾಗಿತ್ತು.

ಎರಡನೆಯದು ಅದರ ಮರುವರ್ಷ, 1369ರದು. ಬುಕ್ಕರಾಯನ ಮಗ ಭಾಸ್ಕರ, ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನ. ಸಾವಿರ ಆಳುಗಳು, ನೂರು ಬಂಡಿಗಳು ದಿನವೂ ದುಡಿದು ಎರಡು ವರ್ಷಗಳಲ್ಲಿ ಈ ಕೆರೆ ಮುಗಿಯಿತಂತೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಪಟ್ಟಿ ಮಾಡಿದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನೀರು ಕಡಿಮೆಯಿದ್ದು ಅಚ್ಚುಕಟ್ಟು ಹೆಚ್ಚಿರುವುದು ಇವೆಲ್ಲ ದೋಷಗಳು. ಇನ್ನೊಂದು ದೋಷ ನಮ್ಮ ಗಮನ ಸೆಳೆಯುತ್ತದೆ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರಬಾರದು. ಗಡಿಯ ಕೆರೆಗೆ ಇಬ್ಬರು ಒಡೆಯರು. ಇಬ್ಬರು ಒಡೆಯರೆಂದರೆ ಯಾರೂ ಇಲ್ಲ. ಎರಡು ವಾರ್ಡುಗಳ ನಡುವಿನ ರಸ್ತೆಗುಂಡಿಯ ಕಷ್ಟ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ವ್ಯವಸ್ಥೆ ಎಷ್ಟು ವ್ಯಾಪಕವಾಗಿತ್ತೆಂದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಆದರೆ ಅದೇ ಕಾಲದಲ್ಲಿ ಕೆರೆಗಳ ಒಡೆತನ ಸದ್ದಿಲ್ಲದೆ ಕೈ ಬದಲಾಯಿಸುತ್ತಿತ್ತು. 1831ರಿಂದ 1881ರವರೆಗಿನ ಕಮಿಷನರ ಆಡಳಿತದಲ್ಲಿ ಕಂದಾಯ, ಮರಾಮತ್ತುಗಳು ಇಲಾಖೆಗಳ ಪಾಲಾದವು. ಊರಿನ ಕೆರೆ ಸರ್ಕಾರದ ಕೆರೆಯಾಯಿತು. ಸಭೆ ಸೇರಿ ಗುದ್ದಲಿ ಹಿಡಿಯುತ್ತಿದ್ದವರು ಅರ್ಜಿ ಬರೆಯುವವರಾದರು. ಮೈಸೂರು ಸಂಸ್ಥಾನಕ್ಕೆ ಇದು ಅರಿವಾಗದೇ ಇರಲಿಲ್ಲ. 1911ರ ಕೆರೆ ಪಂಚಾಯತಿ ಕಾಯಿದೆ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಗ್ರಾಮ ಸುಧಾರಣಾ ಯೋಜನೆ, 1926ರ ಗ್ರಾಮ ಪಂಚಾಯತಿ ಕಾಯಿದೆ ಇವೆಲ್ಲ ಕಳೆದುಹೋದ ಆ ಹೊಣೆಯನ್ನು ಊರಿಗೆ ಮರಳಿಸುವ ಯತ್ನಗಳೇ.

ನಗರದಲ್ಲಿ ಏನಾಯಿತು? ಬುಕ್ಕಾಂಬುಧಿಗೆ ಹೆಸರಿನಲ್ಲಿ ಸೋದರಿಯಂತಿದ್ದ ಕೆರೆಯೊಂದು ಬೆಂಗಳೂರಿನಲ್ಲಿತ್ತು: ಧರ್ಮಾಂಬುಧಿ. ಬೆಂಗಳೂರು ಪೇಟೆಯ ಜನರಿಗೆ ನೀರುಣಿಸಿದ ಕೆರೆ. 1896ರಲ್ಲಿ ಹೆಸರಘಟ್ಟದ ನೀರು ನಲ್ಲಿಯಲ್ಲಿ ಬಂತು. ದೂರದ ನೀರು ಮನೆಗೆ ಬಂದ ಮೇಲೆ ಹತ್ತಿರದ ಕೆರೆ ಯಾರಿಗೂ ಬೇಡವಾಯಿತು. ಅದರ ಹೂಳು ಯಾರ ಸಭೆಯ ವಿಷಯವೂ ಆಗಲಿಲ್ಲ. ಅದು ಬತ್ತಿತು, ಮೈದಾನವಾಯಿತು, ಈಗ ಅದೇ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಮಳೆ ಬಂದಾಗ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದರೆ ಸಂಘದವರು ಗಾಬರಿಯಾಗುತ್ತಾರೆ. ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬಂದಿರುತ್ತದೆ, ಅಷ್ಟೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾವು ಹೇಳುವುದಿಲ್ಲ. ಊರ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ದೂರದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು? ತೂಬು ತೆರೆಯುವ ನೀರುಗಂಟಿ ಅನೇಕ ಊರುಗಳಲ್ಲಿ ದಲಿತನಾಗಿದ್ದ. ಎಲ್ಲರ ಗದ್ದೆಗೆ ನೀರು ಬಿಟ್ಟವನಿಗೆ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಹೆಂಗಸರು ನೀರು ಹೊತ್ತರು. ಆದರೆ ನೀರಿನ ಬಗ್ಗೆ ಮಾತಾಡಲು ಅವರನ್ನು ಯಾರೂ ಕರೆಯಲಿಲ್ಲ. ದುಡಿಮೆ ಎಲ್ಲರದು, ಮಾತು ಕೆಲವರದು. ಇದು ಹಳೆಯ ಸಭೆಯ ದೊಡ್ಡ ದೋಷ. ಪೋರುಮಾಮಿಳ್ಳದ ಪಟ್ಟಿಯಲ್ಲಿ ಇಲ್ಲದ ಏಳನೆಯ ದೋಷ.

ಆ ದೋಷವನ್ನು ತಿದ್ದುವ ಕೆಲಸದಲ್ಲಿ ಕರ್ನಾಟಕ ನೆನೆಯಬೇಕಾದ ಹೆಸರು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯಿಂದ ಬಂದ ಅವರು 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಬರಪೀಡಿತ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದರು. ಜನ ಪ್ರೀತಿಯಿಂದ ನೀರ್ ಸಾಬ್ ಎಂದರು. ಆದರೆ ಅವರ ದೊಡ್ಡ ಕೊಡುಗೆ ಕೊಳವೆಬಾವಿಯಲ್ಲ. 1983ರ ಕಾಯಿದೆ ಮತ್ತು 1987ರ ಚುನಾವಣೆಗಳ ಮೂಲಕ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳು ಬಂದವು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ಗ್ರಾಮಸಭೆಗೆ ಕಾನೂನಿನ ಬಲ ಸಿಕ್ಕಿತು. 1988ರಲ್ಲಿ ಅವರು ತೀರಿಕೊಂಡರು. ಐದು ವರ್ಷಗಳ ನಂತರ, 1993ರಲ್ಲಿ, ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಜಾರಿಗೆ ಬಂದವು. ಹಳ್ಳಿಗೆ ಗ್ರಾಮಸಭೆ, ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ವಾರ್ಡ್ ಸಮಿತಿ ದೇಶದ ನಿಯಮವಾಯಿತು.

ಈಗ ಮತ್ತೆ ನಮ್ಮ ಬಡಾವಣೆಯ ಸಭೆಗೆ ಬರೋಣ. ಅಲ್ಲಿ ಸದಸ್ಯರು ಯಾರು? ಬಹುತೇಕ ಕಡೆ ಮನೆ ಮಾಲೀಕರು ಮಾತ್ರ. ಬಾಡಿಗೆದಾರ ವಂತಿಗೆ ಕೊಡುತ್ತಾನೆ, ಮತ ಹಾಕುವಂತಿಲ್ಲ. ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ, ರಾತ್ರಿಯ ಕಾವಲುಗಾರ, ಮನೆಗೆಲಸದವರು ಸಭೆಯ ಚರ್ಚೆಯಲ್ಲಿ ಬರುತ್ತಾರೆ, ಸಭೆಗೆ ಬರುವುದಿಲ್ಲ. ಇವರು ಇಂದಿನ ನೀರುಗಂಟಿಗಳು. ಇನ್ನು ಕೆಲವು ಕಡೆ ಮನೆ ಬಾಡಿಗೆಗೆ ಕೊಡುವ ಮೊದಲು ಹೆಸರು, ಜಾತಿ, ಊಟ ವಿಚಾರಿಸುವ ಅಲಿಖಿತ ನಿಯಮವಿದೆ. ಮುಸ್ಲಿಮರಿಗೂ ದಲಿತರಿಗೂ ಈ ಪ್ರಶ್ನೆಗಳ ಪರಿಚಯ ಚೆನ್ನಾಗಿಯೇ ಇದೆ. 1368ರಲ್ಲಿ ಕೈಗೆ ಕೈ ಸೇರಿಸಿದ ನಾಡಿನಲ್ಲಿ ಬೀಗದ ಕೈ ಕೊಡಲು ಹಿಂಜರಿಯುತ್ತಿದ್ದೇವೆ.

ಅಜ್ಜಂಪುರದ ಸೀಮೆಗೆ ಈಗ ದೂರದ ನೀರು ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಲ್ಲಿನ ಸುರಂಗವನ್ನು ದಾಟಿ 2019ರಿಂದ ಚಿತ್ರದುರ್ಗದ ವಾಣಿವಿಲಾಸ ಸಾಗರದತ್ತ ಹರಿದಿದೆ. ಬರದ ನಾಡಿಗೆ ಅದು ಸಂತೋಷದ ಸಂಗತಿಯೇ. ಆದರೆ ಹೆಸರಘಟ್ಟದ ನಲ್ಲಿ ಧರ್ಮಾಂಬುಧಿಗೆ ಮಾಡಿದ್ದನ್ನು ಮರೆಯಬಾರದು. ನೀರು ಎಲ್ಲಿಂದಲೇ ಬರಲಿ, ಅದನ್ನು ಹಂಚಿಕೊಳ್ಳುವ ಸಭೆ ಊರಲ್ಲೇ ಇರಬೇಕು.

ಮುಂದಿನ ತಿಂಗಳ ಸಭೆಯಲ್ಲಿ ಮನವಿಪತ್ರ ಬರೆಯುವ ಮೊದಲು ನಾವು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಇದರಲ್ಲಿ ನಮ್ಮ ಕೈಯಿಂದಲೇ ಆಗುವ ಕೆಲಸ ಯಾವುದು? ಈ ಸಭೆಯಲ್ಲಿ ಇರಬೇಕಾದ ಯಾರು ಇಲ್ಲಿ ಇಲ್ಲ? ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ, ಇನ್ನೂ ಒಂದೆರಡು ಕುರ್ಚಿ ತಂದು ಹಾಕೋಣ.