ಊರಿನ ಹೆಸರು, ಅರಸರ ಹೆಸರು

ತಲಕಾಡಿನ ಮರಳನ್ನು ತುಳಿದು ವೈದ್ಯೇಶ್ವರನ ಗುಡಿಗೆ ಹೋದವರು ಊರಿನ ಹೆಸರಿನ ಕತೆಯನ್ನು ಕೇಳದೆ ಹಿಂದಿರುಗುವುದು ಅಪರೂಪ. ತಲ ಮತ್ತು ಕಾಡ ಎಂಬ ಇಬ್ಬರು ಬೇಡರಿದ್ದರಂತೆ. ಕಾಡಾನೆಗಳು ಬೂರುಗದ ಮರವೊಂದನ್ನು ಪೂಜಿಸುವುದನ್ನು ಕಂಡು, ಇದೇನು ವಿಚಿತ್ರವೆಂದು ಮರಕ್ಕೆ ಕೊಡಲಿ ಹಾಕಿದರಂತೆ. ನೆತ್ತರು ಚಿಮ್ಮಿತು. ಅಶರೀರವಾಣಿ ತಿಳಿಸಿದಂತೆ ಅದೇ ಮರದ ಎಲೆಯಿಂದ ಮದ್ದು ಮಾಡಲು ಗಾಯ ಮಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವನು ವೈದ್ಯೇಶ್ವರನಾದನು. ಬೇಡರಿಬ್ಬರ ಹೆಸರು ಊರಿಗೆ ನಿಂತಿತು.

ಕತೆಯೇನೋ ಸೊಗಸಾಗಿದೆ. ಆದರೆ ಗಂಗರ ತಾಮ್ರಶಾಸನಗಳಲ್ಲಿ ಈ ಊರು ತಳವನಪುರ. ಆ ಶಾಸನಗಳನ್ನು ಬರೆದ ಪಂಡಿತರ ಕಿವಿಗೆ 'ಕಾಡು' ಎಂಬುದು ಬೇಡನ ಹೆಸರಾಗಿ ಕೇಳಿಸಲಿಲ್ಲ. ಕಾಡಾಗಿಯೇ ಕೇಳಿಸಿತು, ಅದನ್ನು 'ವನ'ವೆಂದು ಸಂಸ್ಕೃತಕ್ಕೆ ತಿರುಗಿಸಿಕೊಂಡರು. ಹೆಸರು ಮೊದಲು, ಬೇಡರು ಆಮೇಲೆ ಎಂದೇ ನಮ್ಮ ಊಹೆ. ಇದ್ದ ಹೆಸರನ್ನು ಯಾರೋ ಜಾಣರು ನಡುವೆ ಸೀಳಿ ಇಬ್ಬರು ಗಂಡಸರನ್ನು ಮಾಡಿದರು!

ಕತೆಗಿಂತ ಸ್ವಾರಸ್ಯವಾದದ್ದು ಮುಂದಿನ ಸಂಗತಿ. 11ನೆಯ ಶತಮಾನದ ಮೊದಲಲ್ಲಿ ಚೋಳರು ತಲಕಾಡನ್ನು ಗೆದ್ದು ತಮ್ಮ ಚಕ್ರವರ್ತಿಯ ಹೆಸರಿನಿಂದ ರಾಜರಾಜಪುರವೆಂದು ಕರೆದರು. ನೂರು ವರ್ಷಕ್ಕೂ ಮೇಲ್ಪಟ್ಟು ಅವರ ಆಳ್ವಿಕೆ ನಡೆಯಿತು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ಅವರನ್ನು ಓಡಿಸಿದಾಗ ಧರಿಸಿದ ಬಿರುದು 'ತಲಕಾಡುಗೊಂಡ'. ರಾಜರಾಜಪುರವನ್ನು ಗೆದ್ದೆನೆಂದು ಅವನು ಹೇಳಿಕೊಳ್ಳಲಿಲ್ಲ. ಚಕ್ರವರ್ತಿಯ ಹೆಸರು ಬರಹದಲ್ಲಿ ಕೆಲಕಾಲ ಉಳಿದಿರಬಹುದು. ಇಂದು ತಲಕಾಡಿನ ಹುಡುಗರಿಗೆ ಅದನ್ನು ಪಾಠ ಹೇಳಿಯೇ ತಿಳಿಸಬೇಕು.

ಈ ಬಯಲಿನಲ್ಲಿ ಹೊಳೆಯೂ ತಾನಾಗಿ ಕೆಲವು ಹೆಸರುಗಳನ್ನಿಟ್ಟಿದೆ. ತಲಕಾಡಿನ ಪಕ್ಕದಲ್ಲೇ ಮುಡುಕುತೊರೆ. ಮುಡುಕು ಎಂದರೆ ಬಾಗು, ತೊರೆ ಎಂದರೆ ಹೊಳೆ. ಗುಡ್ಡವನ್ನು ಹತ್ತಿ ನೋಡಿದವರಿಗೆ ಬೇರೆ ವಿವರಣೆ ಬೇಡ. ಇನ್ನೂ ಮೇಲಕ್ಕೆ ಕಪಿಲೆಯು ಕಾವೇರಿಯನ್ನು ಕೂಡುವಲ್ಲಿ ತಿರುಮಕೂಡಲು.

ಶ್ರೀರಂಗಪಟ್ಟಣವನ್ನು ದಾಟಿದರೆ ನಮ್ಮ ವಾದಕ್ಕೆ ಒಗ್ಗದ ಊರೊಂದು ಎದುರಾಗುತ್ತದೆ. ಹಿರೋಡೆ ಎಂಬುದು ಅದರ ಹಳೆಯ ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿಯ ಬಂಡೆಗಳ ಬಳಿ ಬಿಡಾರ ಮಾಡಿದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಆ ಮೇಲೆ ಪಾಂಡವಪುರವಾಯಿತು. ಮೇಲಿನಿಂದ ಬಂದ ಈ ಹೆಸರು ಮಾತ್ರ ಊರಿಗೆ ಅಂಟಿಕೊಂಡಿತು. ಪಾಂಡವರು ವನವಾಸದಲ್ಲಿ ತಂಗಿದ್ದರೆಂದು ಜನ ಹೇಳುತ್ತ ಬಂದ ಕುಂತಿಬೆಟ್ಟ ಪಕ್ಕದಲ್ಲೇ ಇದ್ದುದರಿಂದ ಹೊಸ ಹೆಸರು ಹೊಸದೆನಿಸಲಿಲ್ಲವೇನೋ.

ಕನ್ನಂಬಾಡಿಯ ಕತೆ ಬೇರೆ. ಕಣ್ವ ಮುನಿಗಳಿದ್ದ ಕಣ್ವಪುರಿಯೇ ಕನ್ನಂಬಾಡಿ ಎಂದು ಪುರಾಣ. ಬಾಡಿಯಲ್ಲಿ ನಮಗೆ ಕೇಳಿಸುವುದು ವಸತಿಯೆಂಬ ಅರ್ಥದ ಹಳೆಯ 'ಪಾಡಿ'. 1911ರಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಮೊದಲಾಯಿತು. ನೀರು ನಿಂತಾಗ ಊರು ಮುಳುಗಿತು. ಮನೆ, ಹೊಲ, ಗುಡಿ ಎಲ್ಲವನ್ನೂ ಬಿಟ್ಟು ಹೊರಟವರು ಹೆಸರನ್ನು ಮಾತ್ರ ಕೊಂಡೊಯ್ದು ಹೊಸ ಕನ್ನಂಬಾಡಿಯನ್ನು ಕಟ್ಟಿಕೊಂಡರು. ಮುಳುಗಿದ್ದ ವೇಣುಗೋಪಾಲಸ್ವಾಮಿಯ ಗುಡಿಯನ್ನೂ ಈಚೆಗೆ ಬಿಚ್ಚಿ ತಂದು ಅಲ್ಲಿಯೇ ನಿಲ್ಲಿಸಿದ್ದಾರೆ. ಜಲಾಶಯಕ್ಕೆ ಸರಕಾರ ಇಟ್ಟ ಹೆಸರು ಕೃಷ್ಣರಾಜಸಾಗರ. ಮುಂಗಾರು ಹಿಡಿದಾಗ ಮಂಡ್ಯದ ಕಡೆಯ ರೈತನು ಕೇಳುವುದು ಮಾತ್ರ, "ಕನ್ನಂಬಾಡಿ ಕಟ್ಟೆ ತುಂಬಿತೆ?"