ಗುಂಡು, ಮದ್ದು, ಗಜಕಡ್ಡಿ: ಕೋಲಾರ ಸೀಮೆಯ ಹಳೆಯ ಬಂದೂಕು

ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಗುಂಡು ಆರಿಸುವಾಗ ನಳಿಗೆಗೂ ಗುಂಡಿಗೂ ನಡುವಿನ ಸಂದೇ ಮುಖ್ಯ. 1768ರಲ್ಲಿ ಹೈದರಾಲಿಗೂ ಇಂಗ್ಲಿಷ್ ಕಂಪನಿಗೂ ಕೋಲಾರ, ಹೊಸಕೋಟೆ, ಮುಳಬಾಗಿಲುಗಳಲ್ಲಿ ಸೆಣಸಾಟ ನಡೆದಾಗ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ಮೈಸೂರಿನ ಕಡೆ ಬತ್ತಿಯ ಕೋವಿಗಳೂ ಇದ್ದವು.

ಕಂಪನಿಯ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್ ಅಗಲ, ಸೀಸದ ಗುಂಡು ಸುಮಾರು 17.5. ಈ ಸಡಿಲು ಅಜಾಗರೂಕತೆಯಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆತ ಕರಿಮದ್ದು ಉರಿದಾಗ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ನಾಲ್ಕಾರು ಹೊಡೆತವಾದ ಮೇಲೆ ಬಿಗಿ ಗುಂಡು ಒಳಗಿಳಿಯದು. ಸಿಪಾಯಿ ಮದ್ದು, ಗುಂಡು ಸುತ್ತಿದ್ದ ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಚೂರು ಮದ್ದನ್ನು ಕಿಡಿ ತಾಗುವ ಕಿವಿಯ ಬಟ್ಟಲಿಗೂ ಉಳಿದದ್ದನ್ನು ನಳಿಗೆಗೂ ಸುರಿದು, ಗುಂಡನ್ನು ಕಾಗದದ ಸಮೇತ ಗಜಕಡ್ಡಿಯಿಂದ ತುರುಕುತ್ತಿದ್ದ. ಪಳಗಿದವನಿಗೆ ನಿಮಿಷಕ್ಕೆ ಎರಡು ಮೂರು ಹೊಡೆತ. ವೇಗಕ್ಕೆ ತೆತ್ತ ಬೆಲೆ ಗುರಿ: ನೂರು ಗಜದಾಚೆ ಒಬ್ಬನನ್ನೇ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು. ಮಳೆ ಬಂದರಂತೂ ಬಂದೂಕು ಬರೀ ದೊಣ್ಣೆ.

ನಳಿಗೆಯಲ್ಲಿ ಸುರುಳಿ ಗೀರುಗಳಿದ್ದ ರೈಫಲ್ಲಿಗೆ ಲೆಕ್ಕವೇ ಬೇರೆ. ಗುಂಡು ಗೀರಿಗೆ ಕಚ್ಚಿ ತಿರುಗಬೇಕು. ಅದಕ್ಕಾಗಿ ಎಣ್ಣೆ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಬಿಗಿಯಾಗಿ ಇಳಿಸುತ್ತಿದ್ದರು. ನಿಧಾನ, ಆದರೆ ಗುರಿ ನಿಖರ. 1849ರಲ್ಲಿ ಫ್ರಾನ್ಸಿನ ಮಿನಿಯೆ ರೂಪಿಸಿದ ತಳ ಟೊಳ್ಳಾದ ಉದ್ದ ಗುಂಡು ವೇಗ, ಗುರಿ ಎರಡನ್ನೂ ಕೂಡಿಸಿತು: ಸುಲಭವಾಗಿ ಇಳಿದು, ಮದ್ದು ಉರಿದಾಗ ತಳ ಅಗಲವಾಗಿ ಗೀರಿಗೆ ಕಚ್ಚಿತು. ಅದೇ ತತ್ತ್ವದ 1853ರ ಎನ್‌ಫೀಲ್ಡ್ ರೈಫಲ್ಲಿನ ತೋಟೆಗೆ ಸವರಿದ ಕೊಬ್ಬು 1857ರ ದಂಗೆಗೆ ಒಂದು ಕಾರಣವಾಯಿತು.