ಫಾಸ್ಟ್ ಸ್ಕ್ಯಾನ್‌

ಅಪಘಾತದಲ್ಲಿ ಪೆಟ್ಟು ಬಿದ್ದವರ ಹೊಟ್ಟೆಯೊಳಗೆ ಅಥವಾ ಹೃದಯದ ಸುತ್ತ ರಕ್ತ ಸೋರಿದೆಯೇ ಎಂದು ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್‌ನಿಂದ ನೋಡುವ ಪರೀಕ್ಷೆಗೆ ಫಾಸ್ಟ್ ಎಂದು ಹೆಸರು. ಬಲ ಪಕ್ಕೆ, ಎಡ ಪಕ್ಕೆ, ಕಿಬ್ಬೊಟ್ಟೆ ಮತ್ತು ಎದೆಮೂಳೆಯ ಕೆಳತುದಿ, ಈ ನಾಲ್ಕು ಕಡೆ ಪ್ರೋಬ್ ಇಟ್ಟು ನೋಡುತ್ತಾರೆ. ಅಂಗಾತ ಮಲಗಿದವರಲ್ಲಿ ರಕ್ತ ತಗ್ಗಿಗೆ ಹರಿದು, ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವಿನ ಮಾರಿಸನ್ ಸಂದಿಯಲ್ಲಿ ನಿಲ್ಲುತ್ತದೆ. ಒಂದಕ್ಕೊಂದು ಅಂಟಿದಂತೆ ಕಾಣಬೇಕಾದ ಆ ಎರಡು ಅಂಗಗಳ ಮಧ್ಯೆ ಪರದೆಯ ಮೇಲೆ ಕಪ್ಪು ಪಟ್ಟಿಯೊಂದು ಮೂಡಿದರೆ, ರಕ್ತದೊತ್ತಡ ಕುಸಿದ ಗಾಯಾಳುವನ್ನು ಸಾಮಾನ್ಯವಾಗಿ ನೇರ ಆಪರೇಷನ್ ಥಿಯೇಟರಿಗೆ ಒಯ್ಯುತ್ತಾರೆ.

ಇದಕ್ಕೆ ಮೊದಲು ಬಳಕೆಯಲ್ಲಿದ್ದದ್ದು 1965ರಲ್ಲಿ ಡೇವಿಡ್ ರೂಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ವಿವರಿಸಿದ ಪೆರಿಟೋನಿಯಲ್ ಲ್ಯಾವೇಜ್. ಹೊಟ್ಟೆಯೊಳಗೆ ನಳಿಕೆ ತೂರಿಸಿ, ಸಲೈನ್ ಬಿಟ್ಟು, ಮರಳಿ ಬಂದ ದ್ರವದಲ್ಲಿ ರಕ್ತವಿದೆಯೇ ಎಂದು ನೋಡುವ ವಿಧಾನವದು. ತುಸು ರಕ್ತವನ್ನೂ ಅದು ಹಿಡಿಯುತ್ತಿತ್ತು. ಆ ಕಾರಣಕ್ಕೇ ತಾನಾಗಿ ಮಾಯಬಹುದಾಗಿದ್ದ ಗಾಯಗಳಿಗೂ ಹೊಟ್ಟೆ ಕೊಯ್ಯುವುದಾಗುತ್ತಿತ್ತು.

ಫಾಸ್ಟ್ 1990ರ ದಶಕದ ಅಮೆರಿಕದಲ್ಲಿ ಹುಟ್ಟಿತೆಂದು ಹಲವು ಬರಹಗಳು ಹೇಳುತ್ತವೆ. ಅಲ್ಲಿ ಹುಟ್ಟಿದ್ದು ಹೆಸರು ಮಾತ್ರ. ಪೆಟ್ಟು ಬಿದ್ದ ಗುಲ್ಮದ ರಕ್ತಗಡ್ಡೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಗುರುತಿಸಿದ ವರದಿಯನ್ನು ಡೆನ್ಮಾರ್ಕಿನ ಕ್ರಿಸ್ಟೆನ್‌ಸೆನ್ ಮತ್ತು ಸಂಗಡಿಗರು 1971ರಲ್ಲೇ ಪ್ರಕಟಿಸಿದ್ದರು. ಜರ್ಮನಿಯಲ್ಲಿ ಅಲ್ಟ್ರಾಸೌಂಡ್ ಶಸ್ತ್ರಚಿಕಿತ್ಸಕರ ತರಬೇತಿಯಲ್ಲೇ ಸೇರಿಕೊಂಡಿದ್ದರಿಂದ, ಪ್ರೋಬ್ ಹಿಡಿದವರೇ ಕತ್ತಿಯನ್ನೂ ಹಿಡಿಯುತ್ತಿದ್ದರು. ಅಮೆರಿಕದಲ್ಲಿ ಆ ಯಂತ್ರ ರೇಡಿಯಾಲಜಿ ವಿಭಾಗದ ಸೊತ್ತಾಗಿತ್ತು. ಎರಡು ದಶಕಗಳ ಅಂತರಕ್ಕೆ ತಂತ್ರಜ್ಞಾನಕ್ಕಿಂತ ಈ ವಿಭಾಗ ಹಂಚಿಕೆಯೇ ಹೆಚ್ಚಿನ ಕಾರಣ.

1988ರ ಡಿಸೆಂಬರ್‌ನ ಆರ್ಮೇನಿಯಾ ಭೂಕಂಪದ ದಾಖಲೆಗೆ ಈ ಇತಿಹಾಸದಲ್ಲಿ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ. ಆಸ್ಪತ್ರೆಗೆ ಬಂದವರಲ್ಲಿ 400 ಮಂದಿಯ ಹೊಟ್ಟೆ ಮತ್ತು ಮೂತ್ರಪಿಂಡಗಳನ್ನು ಅಲ್ಲಿನ ವೈದ್ಯರು 72 ಗಂಟೆಯೊಳಗೆ ಅಲ್ಟ್ರಾಸೌಂಡ್‌ನಿಂದ ನೋಡಿ ಮುಗಿಸಿದರು. ಒಬ್ಬೊಬ್ಬರಿಗೆ ಹಿಡಿದದ್ದು ಕೆಲವೇ ನಿಮಿಷ. ಗಾಯಾಳುಗಳು ಒಟ್ಟಿಗೆ ಬಂದು ಬಿದ್ದಾಗ ಯಾರನ್ನು ಮೊದಲು ನೋಡಬೇಕೆಂಬುದನ್ನು ಈ ಯಂತ್ರದಿಂದ ತೀರ್ಮಾನಿಸಬಹುದೆಂದು ಸರ್ಕಿಸಿಯನ್ ಮತ್ತು ಸಂಗಡಿಗರ 1991ರ ವರದಿ ತೋರಿಸಿತು.

ಹೆಸರಿನಲ್ಲೂ ಗೊಂದಲವಿದೆ. ಗ್ರೇಸ್ ರೊಜಿಸ್ಕಿ ಮೊದಲಾದವರು ಅದನ್ನು ಬಳಕೆಗೆ ತಂದಾಗ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಫಾಸ್ಟ್‌ನಲ್ಲಿನ ‘ಎ’ ಅಕ್ಷರ ‘ಅಬ್ಡಾಮಿನಲ್’ ಎಂಬುದನ್ನು ಸೂಚಿಸುತ್ತಿತ್ತು. ಹೃದಯಾವರಣ ಹೊಟ್ಟೆಯ ಭಾಗವಲ್ಲವಾದ್ದರಿಂದ 1997ರ ಬಾಲ್ಟಿಮೋರ್ ತಜ್ಞರ ಸಭೆ ಅದನ್ನು ‘ಅಸೆಸ್‌ಮೆಂಟ್’ ಎಂದು ಬದಲಿಸಿತು. ಸಭೆಯ ನಿರ್ಣಯ ಅಚ್ಚಾದದ್ದು 1999ರಲ್ಲಿ. ಎರಡು ವಿಸ್ತರಣೆಗಳೂ ಇಂದಿಗೂ ಪುಸ್ತಕಗಳಲ್ಲಿ ಸಿಗುತ್ತವೆ.

2004ರಲ್ಲಿ ಕೆನಡಾದ ಆಂಡ್ರ್ಯೂ ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಎದೆಗೂಡನ್ನೂ ಸೇರಿಸಿ ಇ-ಫಾಸ್ಟ್ ರೂಪಿಸಿದರು. ಉಸಿರಾಡುವಾಗ ಶ್ವಾಸಕೋಶದ ಹೊದಿಕೆ ಜಾರುವುದು ಪರದೆಯಲ್ಲಿ ಮಿನುಗುತ್ತದೆ. ಅದು ಕಾಣದಿದ್ದರೆ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಗಾಳಿ ಸೇರಿರುವ ಶಂಕೆ. ಈ ಲಕ್ಷಣವನ್ನು ಮೊದಲು ವರದಿ ಮಾಡಿದವರು ಪಶುವೈದ್ಯರು, 1986ರಲ್ಲಿ, ಕುದುರೆಗಳಲ್ಲಿ.

ಪರೀಕ್ಷೆಯ ಮಿತಿಗಳೂ ಬೇಗ ಗೊತ್ತಾದವು. ಸಲೈನ್ ತುಂಬುತ್ತಾ ಪರೀಕ್ಷಿಸಿದ 1995ರ ಅಧ್ಯಯನದಲ್ಲಿ ಮಾರಿಸನ್ ಸಂದಿಯ ದ್ರವ ಕಣ್ಣಿಗೆ ಬಿದ್ದದ್ದು ಸರಾಸರಿ 619 ಮಿಲಿಲೀಟರ್ ತುಂಬಿದ ಮೇಲೆ. ಕರುಳಿನ ಗಾಯವೂ ಹೊಟ್ಟೆಯ ಹಿಂಗೋಡೆಯ ರಕ್ತಸ್ರಾವವೂ ಫಾಸ್ಟ್‌ನ ಕಣ್ಣಿಗೆ ಬೀಳದೆ ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ. ರಕ್ತದೊತ್ತಡ ಸ್ಥಿರವಾಗಿದ್ದ 925 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಫಾಸ್ಟ್ ಮಾಡಿದ್ದರಿಂದ ಸಿಟಿ ಸ್ಕ್ಯಾನ್‌ಗಳೇನೂ ಕಡಿಮೆಯಾಗಲಿಲ್ಲ.

ಭಾರತದಲ್ಲಿ ಫಾಸ್ಟ್‌ನಂಥ ಪರೀಕ್ಷೆಗಳನ್ನು ಬಳಸುವ ತುರ್ತು ವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಾಗಿ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಹೆಣ್ಣು ಭ್ರೂಣಹತ್ಯೆ ತಡೆಯಲು ಬಂದ 1994ರ ಕಾಯ್ದೆಯಡಿ ಇಲ್ಲಿ ಅಲ್ಟ್ರಾಸೌಂಡ್ ಯಂತ್ರಗಳ ನೋಂದಣಿ ಕಡ್ಡಾಯ. ಕೈಯಲ್ಲಿ ಒಯ್ಯುವ ಯಂತ್ರವನ್ನು ನೋಂದಾಯಿತ ಆವರಣದ ಒಳರೋಗಿಗಳಿಗೆ ಅಥವಾ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬೇಕೆಂದು 2012ರ ನಿಯಮ ವಿಧಿಸಿತು.